ಎರಡು ಹಲ್ಲು, ಒಂದು ಹಳೇ ಫೋನು

ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ, ಹೆದರಬೇಡಿ. ಡಾಕ್ಟರು ಮುಂದಿನ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಜನರ ಬಾಯಿ ತೆರೆಸುತ್ತಾರೆ. ನಾನು ಹಿಂದಿನ ಲ್ಯಾಬಿನಲ್ಲಿ, ಕಿಟಕಿಯ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಕುಂಚದ ತುದಿಯಲ್ಲಿ ಎತ್ತಿ ಎತ್ತಿ ಒಂದೊಂದೇ ಹಲ್ಲು ಮಾಡುತ್ತೇನೆ. ಮಾಡಿದ್ದನ್ನು ಅಂಗೈ ಅಗಲದ ಒಲೆಯಲ್ಲಿ ಸುಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಈ ಊರಿನಲ್ಲಿ ಎಷ್ಟು ಜನ ನನ್ನ ಹಲ್ಲಿನಲ್ಲಿ ನಗುತ್ತಾರೋ, ಎಷ್ಟು ಜನ ನನ್ನ ಹಲ್ಲಿನಲ್ಲೇ ನನ್ನನ್ನು ಬೈಯುತ್ತಾರೋ, ದೇವರೇ ಬಲ್ಲ.

ಹಲ್ಲೆಂದರೆ ಬಿಳಿ ಅಂತ ನೀವು ತಿಳಿದುಕೊಂಡಿದ್ದರೆ, ದಯವಿಟ್ಟು ಎದ್ದು ಹೋಗಿ ಕನ್ನಡಿ ನೋಡಿಕೊಂಡು ಬನ್ನಿ. ನಾನು ಕಾಯುತ್ತೇನೆ. ನೋಡಿದಿರಾ? ಬುಡದಲ್ಲಿ ಹಳದಿ, ನಡುವೆ ಕೆನೆ, ತುದಿಯಲ್ಲಿ ತುಸು ಬೂದು. ಬಿಳಿ ಎಲ್ಲಿದೆ ಸ್ವಾಮಿ? ನಮ್ಮಲ್ಲಿ ಹದಿನಾರು ಬಣ್ಣದ ಮಾದರಿ ಹಲ್ಲುಗಳ ಒಂದು ಗೊಂಚಲಿರುತ್ತದೆ. ರೋಗಿಯ ಹಲ್ಲಿನ ಪಕ್ಕ ಒಂದೊಂದೇ ಹಿಡಿದು, ಯಾವುದು ಹೊಂದುತ್ತದೆಂದು ನೋಡಿ, ಫೋಟೋ ತೆಗೆದುಕೊಂಡು ಬಂದು, ಆ ಫೋಟೋ ಎದುರಿಗಿಟ್ಟುಕೊಂಡು ನಾನು ಕೆಲಸ ಮಾಡುತ್ತೇನೆ. ರೋಗಿಯನ್ನೇ ಮೂರು ದಿನ ಬಾಯಿ ತೆರೆಸಿ ಕೂರಿಸಿಕೊಳ್ಳಲು ಆಗುತ್ತದೆಯೇ?

ಆ ಫೋಟೋ ತೆಗೆಯುವುದು ನನ್ನ ಫೋನು. ಅದಕ್ಕೆ ಏಳು ವರ್ಷ. ಕೊಂಡಾಗ ಅದು ಕಂಪನಿಯ ಅತಿ ದೊಡ್ಡ ಮಾಡೆಲ್ಲು. ಅಂಗಡಿಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲಿನಿಂದ ದೀಪ ಬಿಟ್ಟಿದ್ದರು. ಈಗ ಅದರ ನಡುವಿಗೆ ರಬ್ಬರ್ ಬ್ಯಾಂಡು. ಚಾರ್ಜಿಗೆ ಹಾಕಿದರೆ ವೈರನ್ನು ಬಗ್ಗಿಸಿ ಮೇಲೆ ಒಂದು ನಿಘಂಟು ಹೇರಬೇಕು. ಬ್ಯಾಟರಿ ಮೂವತ್ತು ಪರ್ಸೆಂಟಿಗೆ ಇಳಿದರೆ ಹೇಳದೆ ಕೇಳದೆ ಕಣ್ಣು ಮುಚ್ಚುತ್ತದೆ. ಕಂಪನಿಯವರು ಮೂರು ವರ್ಷದ ಹಿಂದೆಯೇ 'ಈ ಮಾಡೆಲ್ಲಿಗೂ ನಮಗೂ ಸಂಬಂಧವಿಲ್ಲ' ಎಂದು ಕೈ ತೊಳೆದುಕೊಂಡರು. ಆ ಸುದ್ದಿಯನ್ನು ನಾನು ಫೋನಿಗೆ ತಿಳಿಸಿಲ್ಲ. ಲ್ಯಾಬಿನಲ್ಲಿ ಅದಕ್ಕೆ 'ತಾತ' ಎನ್ನುತ್ತಾರೆ, ನನಗೆ 'ಮ್ಯೂಸಿಯಂ' ಎನ್ನುತ್ತಾರೆ. ಅನ್ನಲಿ, ನನ್ನ ಗಂಟೇನು ಹೋಯಿತು? ತಾತನ ಕಣ್ಣು ಸುಳ್ಳು ಹೇಳುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಚೂರು ಕೆಂಪು ಜಾಸ್ತಿ ತೋರಿಸುತ್ತದೆ, ಅಷ್ಟೇ. ಅದು ನನಗೆ ಗೊತ್ತಿರುವುದರಿಂದ ಕೆಂಪು ಕಳೆದು ನೋಡುತ್ತೇನೆ. ಇಷ್ಟು ವರ್ಷ ಜೊತೆಗಿದ್ದ ಮೇಲೆ ಅಷ್ಟಾದರೂ ಹೊಂದಿಕೊಂಡು ಹೋಗದಿದ್ದರೆ ಹೇಗೆ?

ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಅವಳು ಒಂದನೇ ಕ್ಲಾಸಿನ ಟೀಚರು, ವರ್ಷಕ್ಕೊಂದು ಫೋನು ಬದಲಾಯಿಸುವುದರಲ್ಲಿ ಎತ್ತಿದ ಕೈ. ಹೋದ ವರ್ಷದ್ದಕ್ಕೆ ಬೆನ್ನಲ್ಲಿ ಮೂರು ಕಣ್ಣಿತ್ತು, ಈ ವರ್ಷದ್ದಕ್ಕೆ ನಾಲ್ಕಿದೆ. 'ಆ ನಾಲ್ಕನೇ ಕಣ್ಣು ಏನು ನೋಡುತ್ತೆ?' ಎಂದು ನಾನು ಕೇಳಿದರೆ, 'ನಿಮ್ಮಂಥವರನ್ನ ದೂರದಿಂದಲೇ ನೋಡುತ್ತೆ' ಎನ್ನುತ್ತಾಳೆ. ಹಾಗೆಂದು ತಾನೇ ನಗುತ್ತಾಳೆ. ಅವಳ ನಗುವಿಗೆ ಬ್ರೇಕಿಲ್ಲ. ಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ, ಗೋಡೆ ಅದುರುವಂತೆ ನಗುತ್ತಾಳೆ. ನಮ್ಮ ಮೇಲಿನ ಮನೆಯವರು ಕೋಲು ತೆಗೆದುಕೊಂಡು ನೆಲ ಕುಟ್ಟುತ್ತಾರೆ. ಕುಟ್ಟಿದ್ದು ಕೇಳಿ ಅವಳಿಗೆ ಇನ್ನೂ ನಗು ಬರುತ್ತದೆ. ನಕ್ಕಾಗ ಮುಂದಿನ ಎರಡು ಹಲ್ಲು ಕಾಣುತ್ತವೆ. ಒಂದು ಇನ್ನೊಂದರ ಮೇಲೆ ಕಾಲು ಹಾಕಿಕೊಂಡು ಕೂತ ಹಾಗಿರುವ, ಟೀ ಕುಡಿದು ಕುಡಿದು ಹಳದಿಗೆ ತಿರುಗಿದ ಹಲ್ಲುಗಳು. ಹಲ್ಲು ನೋಡಿಯೇ ಹೊಟ್ಟೆ ಹೊರೆಯುವ ನಾನು ಹೇಳುತ್ತೇನೆ ಕೇಳಿ, ಅಷ್ಟು ಚೆಂದದ ಜೋಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾತ ತೆಗೆದ ಮೊಟ್ಟಮೊದಲ ಫೋಟೋ ಆ ನಗುವಿನದೇ. ಏಳು ವರ್ಷದ ಹಿಂದೆ ಫೋನು ತಂದು ಮೇಜಿನ ಮೇಲಿಟ್ಟು ಬೆಲೆ ಹೇಳಿದ್ದೆ. ಆಗ ಅವಳ ಹತ್ತಿರ ಇದ್ದದ್ದು ಬಟನ್ ಫೋನು. 'ಇಷ್ಟು ದುಡ್ಡು ಕೊಟ್ಟು ಫೋನಾ? ನಿಮಗೇನು ತಲೆ ಕೆಟ್ಟಿದೆಯಾ?' ಎಂದು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಸಿಟ್ಟಿನಲ್ಲಿ ಒಂದು ಫೋಟೋ ತೆಗೆದೆ. ಅಂಥ ನಗುವಿನ ಫೋಟೋ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಮದುವೆ ಫೋಟೋದಲ್ಲಿ ಇಬ್ಬರೂ ತುಟಿ ಬಿಗಿದುಕೊಂಡು ಕೂತಿದ್ದೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಡಾಕ್ಟರ ಕಥೆಗೆ ಬರುತ್ತೇನೆ. ವರ್ಷದ ಶುರುವಿನಲ್ಲಿ ಅವರು ಲ್ಯಾಬಿಗೆ ಹೊಸ ಯಂತ್ರ ತರಿಸಿದರು. ಹೊಸ ಫೋನಿನಲ್ಲಿ ಹಲ್ಲಿನ ಫೋಟೋ ತೆಗೆದು ಕಂಪ್ಯೂಟರಿಗೆ ಕಳಿಸಿದರೆ, ಬಣ್ಣ ಯಾವುದು, ಆಕಾರ ಯಾವುದು ಎಂದು ಅದೇ ನಿರ್ಧರಿಸಿ, ಯಂತ್ರದಲ್ಲಿ ಹಲ್ಲು ಕಡೆದು ಕೊಡುತ್ತದೆ. ನಾವು ಉಜ್ಜಿ ಹೊಳಪು ಕೊಟ್ಟರೆ ಮುಗಿಯಿತು. ಲ್ಯಾಬಿನ ಮೂವರಿಗೂ ನಾಲ್ಕು ಕಣ್ಣಿನ ಫೋನು ಹಂಚಿದರು.

ನನ್ನ ಕೈಯಲ್ಲಿ ತಾತನನ್ನು ಕಂಡು, "ಮ್ಯೂಸಿಯಂ, ಇನ್ನು ಮೇಲೆ ಬಣ್ಣ ನೋಡೋದು ಕಂಪ್ಯೂಟರ್. ನೀವಲ್ಲ, ನಿಮ್ಮ ತಾತನೂ ಅಲ್ಲ. ಆ ಪುಡಿ ಡಬ್ಬಿಗಳನ್ನ ಮೇಲಿನ ಕಪಾಟಿಗೆ ಹಾಕಿಬಿಡಿ" ಎಂದರು.

ಹಾಕಿದೆ. ಒಂದು ವಾರದಲ್ಲಿ ನನಗೆ ತಲೆ ಚಿಟ್ಟು ಹಿಡಿಯಿತು. ಬಂದ ಫೋಟೋದಲ್ಲೆಲ್ಲ ಹಲ್ಲು ಹಾಲಿನ ಹಾಗೆ ಬೆಳ್ಳಗೆ. ಎಂಬತ್ತು ವರ್ಷದ ಮುದುಕರದ್ದೂ ಬೆಳ್ಳಗೆ, ದಿನಕ್ಕೆರಡು ಪ್ಯಾಕು ಸಿಗರೇಟು ಸೇದುವವರದ್ದೂ ಬೆಳ್ಳಗೆ. ಪಕ್ಕದಲ್ಲಿ ಹಿಡಿದ ಮಾದರಿ ಹಲ್ಲು ಕೂಡ ಬೆಳ್ಳಗೆ! ಅನುಮಾನ ಬಂದು ಮನೆಯಿಂದ ಒಂದು ಬೆಳ್ಳುಳ್ಳಿ ಎಸಳು ತಂದು, ಸುಲಿಯದೆ, ಕೆಂಪು ಬಟ್ಟೆಯ ಮೇಲಿಟ್ಟು ಫೋಟೋ ತೆಗೆದೆ. ಫೋನು ಅದನ್ನು ಹಲ್ಲೆಂದು ತಿಳಿದು ಸಿಪ್ಪೆಯನ್ನೇ ಅಳಿಸಿಬಿಟ್ಟಿತು. ಆ ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ.

"ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಎಂದರು.

ಯಂತ್ರ ಆ ಸುಳ್ಳು ಬಣ್ಣವನ್ನೇ ನಂಬಿ ಹಲ್ಲು ಕಡೆಯಿತು. ಹಾಕಿಸಿಕೊಂಡವರು ವಾಪಸ್ಸು ಬಂದರು. ಅವರಲ್ಲಿ ಒಬ್ಬರು, ಪಾಪ, ನಿವೃತ್ತ ಗುಮಾಸ್ತರು, ಬಾಯಿ ತೆರೆದು ತೋರಿಸಿದರು. ಹಳದಿ ಸಾಲಿನ ನಡುವೆ ಒಂದು ಹಲ್ಲು ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿತ್ತು.

"ಡಾಕ್ಟ್ರೇ, ಕನ್ನಡಿ ನೋಡೋಕೆ ಆಗ್ತಿಲ್ಲ."

"ಕನ್ನಡಿ ಯಾಕೆ ನೋಡ್ತೀರಿ? ಅದು ಹಳೇ ಮಾಡೆಲ್ಲು" ಎಂದು ಡಾಕ್ಟರು ಹೊಸ ಫೋನಿನಲ್ಲಿ ಅವರ ಫೋಟೋ ತೆಗೆದು ತೋರಿಸಿದರು. ಫೋಟೋದಲ್ಲಿ ಎಲ್ಲ ಹಲ್ಲೂ ಒಂದೇ ಬಣ್ಣ. ಗುಮಾಸ್ತರು ಫೋಟೋ ನೋಡಿದರು, ಡಾಕ್ಟರ ಮುಖ ನೋಡಿದರು, ಥ್ಯಾಂಕ್ಸ್ ಹೇಳಿದರು. "ಆದರೂ ಕಸಿವಿಸಿ ಇದ್ರೆ ಉಳಿದವನ್ನೂ ಅರೆದು ಹೊಸ ಕ್ಯಾಪ್ ಹಾಕ್ಬಿಡೋಣ. ಎಲ್ಲಾ ಮ್ಯಾಚ್ ಆಗುತ್ತೆ" ಎಂದು ಡಾಕ್ಟರು ಸೇರಿಸಿದರು. ಒಂದು ಹಲ್ಲು ಹೊಸದಾದರೆ ಉಳಿದ ಮೂವತ್ತೊಂದು ತಾವಾಗಿಯೇ ಹಳೆಯವಾಗುತ್ತವೆ. ತಪ್ಪು ಮಾಡಿ ಇಷ್ಟು ಲಾಭ ಗಿಟ್ಟಿಸುವ ವ್ಯಾಪಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಗೋಳಿನ ನಡುವೆಯೇ ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಸೋಫಾ ಮೇಲೆ ಅಂಗಾತ ಮಲಗಿ, ಫೋನನ್ನು ಮುಖದ ಮೇಲೆ ಎತ್ತಿ ಹಿಡಿದು ಏನೋ ನೋಡುತ್ತಿದ್ದಳು. ಕಣ್ಣು ಎಳೆಯಿತು, ಕೈ ಸಡಿಲವಾಯಿತು. ನಾಲ್ಕು ಕಣ್ಣಿನ ಫೋನು, ಇಟ್ಟಿಗೆಯ ತೂಕ, ನೇರ ಬಾಯಿಯ ಮೇಲೆ ಬಿತ್ತು. ಮುಂದಿನ ಎರಡೂ ಹಲ್ಲು ಅರ್ಧಕ್ಕೆ ಮುರಿದವು. ಎಷ್ಟು ಎತ್ತರದಿಂದ ಬಿದ್ದರೂ ನಮ್ಮ ಫೋನು ಒಡೆಯುವುದಿಲ್ಲವೆಂದು ಕಂಪನಿಯವರು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಾರೆ. ಅದು ನಿಜ, ಒಡೆಯಲಿಲ್ಲ.

ಅವಳು ಅಳಲಿಲ್ಲ. ಮರುದಿನ ಶಾಲೆಗೂ ಹೋದಳು. ಅವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಮುಂದಿನ ಹಲ್ಲಿಲ್ಲ, ಬೀಳುವ ವಯಸ್ಸು. 'ಟೀಚರ್, ನಿಮಗೂ ಬಿತ್ತಾ?' ಎಂದು ಕುಣಿದು ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರಂತೆ. ಅಷ್ಟು ದಿನ ಎಲ್ಲ ಸರಿಯಿತ್ತು. ಬೇರಿನ ಚಿಕಿತ್ಸೆ ಮುಗಿದ ಮೇಲೆ ಡಾಕ್ಟರು ಉದಾರಿಗಳಾದರು.

"ನಮ್ಮ ಮ್ಯೂಸಿಯಂ ಮನೆಯವರಿಗೆ ಹೊಸ ಯಂತ್ರದ ಹಲ್ಲು, ನನ್ನ ಕಡೆಯಿಂದ ಉಡುಗೊರೆ!"

ಆಗ ನಾನು ಮಾತಾಡಬೇಕಿತ್ತು. 'ಬೇಡ ಸಾರ್, ನಾನೇ ಕೈಯಲ್ಲಿ ಮಾಡುತ್ತೇನೆ' ಎನ್ನಬೇಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಲ್ಯಾಬಿನವರೆಲ್ಲ ನೋಡುತ್ತಿದ್ದರು, ಇನ್ನೊಮ್ಮೆ ಮ್ಯೂಸಿಯಂ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಯಂತ್ರ ಕಡೆದ ಎರಡು ಹಲ್ಲನ್ನು ಉಜ್ಜಿ ಹೊಳಪು ಕೊಟ್ಟವನು ನಾನೇ. ಸುಣ್ಣ ಬಳಿದ ಹಾಗಿವೆ, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿವೆ ಎಂದು ಗೊತ್ತಿದ್ದೂ ಉಜ್ಜಿದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೆಲಸಕ್ಕೆ ನಾನೇ ನಾಚಿದ್ದು ಅದೊಂದು ದಿನ.

ಹಾಕಿಸಿಕೊಂಡು ಬಂದ ದಿನ ಅವಳು ಸೆಲ್ಫಿ ತೆಗೆದು ತಂಗಿಗೆ ಕಳಿಸಿದಳು. ಫೋಟೋ ಬಹಳ ಚೆನ್ನಾಗಿತ್ತು. ಮರುದಿನ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಹೋದಳು.

"ಏನಾಯ್ತೇ?"

"ಏನಿಲ್ಲ. ಮಕ್ಕಳು 'ಟೀಚರ್, ಇದು ಯಾರ ಹಲ್ಲು?' ಅಂತ ಕೇಳಿದ್ರು."

ಅವತ್ತಿನಿಂದ ಅಂಗೈ ಬಾಯಿಗೆ ಹೋಯಿತು. ನಗು ಬಂದರೆ ಅಂಗೈ, ಮಾತಾಡಿದರೆ ಅಂಗೈ. ಸ್ವಲ್ಪ ದಿನಕ್ಕೆ ಅಂಗೈಗೂ ಕೆಲಸವಿಲ್ಲದಾಯಿತು, ಏಕೆಂದರೆ ಅವಳು ನಗುವುದನ್ನೇ ಬಿಟ್ಟಳು. ನಾನು ನನ್ನ ಹಳೇ ಜೋಕುಗಳನ್ನೆಲ್ಲ ಹೇಳಿದೆ. ಹೊಸದೂ ಒಂದೆರಡು ಕಲಿತು ಬಂದು ಹೇಳಿದೆ. ತುಟಿಯ ಕೊನೆ ಅಲ್ಲಾಡಿಸಿ ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸಲು ಶುರುವಾಯಿತು. ಮೆಟ್ಟಿಲ ಮೇಲೆ ಸಿಕ್ಕ ಮೇಲಿನ ಮನೆಯವರು, "ಮನೆಯವರು ಊರಲ್ಲಿಲ್ವಾ?" ಎಂದು ಕೇಳಿದರು.

ಎರಡು ತಿಂಗಳಾಗುತ್ತ ಬಂದಾಗ ಅವಳೇ ಡಾಕ್ಟರ ಹತ್ತಿರ ಹೋಗಿ ಬಂದಳು.

"ಶನಿವಾರ ಟೈಮ್ ಕೊಟ್ಟಿದ್ದಾರೆ. ಉಳಿದವನ್ನೂ ಅರೆದು ಕ್ಯಾಪ್ ಹಾಕ್ತಾರಂತೆ. ಮೇಲೆ ಎಂಟು, ಕೆಳಗೆ ಎಂಟು. ಎಲ್ಲಾ ಒಂದೇ ಬಣ್ಣ ಆದ್ರೆ ಯಾರೂ ಕೇಳಲ್ಲ."

ಗಟ್ಟಿಮುಟ್ಟಾದ ಹಲ್ಲುಗಳು ಅವು, ಒಂದು ಹುಳುಕಿಲ್ಲ. ಕ್ಯಾಪ್ ಕೂರಿಸಬೇಕೆಂದರೆ ಒಂದೊಂದನ್ನೂ ಸುತ್ತಲೂ ಅರೆದು ಮೊಳೆಯಷ್ಟು ಸಣ್ಣ ಮಾಡಬೇಕು. ಒಮ್ಮೆ ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಅರೆಯುವ ಸದ್ದನ್ನು ನಾನು ಗೋಡೆಯ ಆಚೆಯಿಂದ ದಿನಾ ಕೇಳುವವನು.

"ನೀನು ಸ್ವಲ್ಪ ತಡಿ. ಆ ಎರಡನ್ನ ನಾನು ಮತ್ತೆ ಮಾಡ್ತೀನಿ, ಮುಂಚೆ ಹೇಗಿದ್ವೋ ಹಾಗೆ."

"ಎರಡು ತಿಂಗಳಿಂದ ಮಾಡ್ತೀನಿ ಅಂತಿದೀರಿ. ಶನಿವಾರದವರೆಗೂ ಟೈಮಿದೆ, ಮಾಡಿ" ಎಂದಳು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ನಾನು ಲೆಕ್ಕ ಹಾಕಿಟ್ಟಿದ್ದೆ. ಶುಕ್ರವಾರ ಮಧ್ಯಾಹ್ನ ಡಾಕ್ಟರು 'ಸಹಜ ನಗು' ಎಂಬ ವಿಷಯದ ಮೇಲೆ ಎಲ್ಲೋ ಭಾಷಣಕ್ಕೆ ಹೋಗುವವರಿದ್ದರು. ಅವಳ ಬಾಯಿಯ ಅಚ್ಚು ಲ್ಯಾಬಿನಲ್ಲೇ ಇತ್ತು, ಪುಡಿ ಡಬ್ಬಿಗಳು ಮೇಲಿನ ಕಪಾಟಿನಲ್ಲಿದ್ದವು. ಬಣ್ಣವನ್ನು ಅಕ್ಕಪಕ್ಕದ ಹಲ್ಲು ನೋಡಿ ಹಿಡಿಯಬಹುದು. ಆದರೆ ಆಕಾರ? ಮುರಿದದ್ದು ಎರಡೂ, ಒಂದನ್ನು ನೋಡಿ ಇನ್ನೊಂದನ್ನು ಮಾಡುವ ಹಾಗಿಲ್ಲ. ಯಾವುದು ಯಾವುದರ ಮೇಲೆ ಎಷ್ಟು ಏರಿತ್ತು, ತುದಿ ಎಲ್ಲಿ ಸವೆದಿತ್ತು ಎಂಬುದಕ್ಕೆಲ್ಲ ಉಳಿದಿದ್ದ ಸಾಕ್ಷಿ ತಾತನ ಹೊಟ್ಟೆಯೊಳಗಿನ ಆ ಮೊದಲ ಫೋಟೋ ಒಂದೇ. ಅದರ ಪ್ರತಿಯನ್ನು ಬೇರೆಲ್ಲೂ ಇಟ್ಟಿರಲಿಲ್ಲ. ನನ್ನ ಮೊಂಡುತನಗಳಲ್ಲಿ ಅದೂ ಒಂದು.

ಗುರುವಾರ ಬೆಳಿಗ್ಗೆ ತಾತನನ್ನು ಚಾರ್ಜಿಗೆ ಹಾಕಿ ಅಲ್ಲೇ ಮರೆತು ಕೆಲಸಕ್ಕೆ ಹೋದೆ. ಸಂಜೆ ಬಂದರೆ ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಪೆಟ್ಟಿಗೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತಲ್ಲ, ತೆಗೀರಿ."

ಒಳಗೆ ನಾಲ್ಕು ಕಣ್ಣಿನ ಹೊಸ ಫೋನು. ತನಗೆ ಬೇಸರವಿದ್ದ ಹೊತ್ತಿನಲ್ಲೂ ನನ್ನ ನೆನಪಿಟ್ಟುಕೊಂಡಳಲ್ಲ ಎಂದುಕೊಂಡೆ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ.

"ನಿಮ್ಮ ಹಳೇ ಫೋಟೋ ಎಲ್ಲಾ ಇದಕ್ಕೆ ಹಾಕಿಸಿದೀನಿ, ಒಂದೂ ಬಿಟ್ಟಿಲ್ಲ" ಎಂದಳು.

"ತಾತ ಎಲ್ಲಿ?"

"ಎಕ್ಸ್‌ಚೇಂಜಿಗೆ ಕೊಟ್ಟೆ. ಪಾಪ ಅನ್ನಿಸ್ತು, ಫುಲ್ ಚಾರ್ಜ್ ಮಾಡಿಯೇ ಕೊಟ್ಟೆ."

ಹೊಸ ಫೋನಿನಲ್ಲಿ ಆ ಮೊದಲ ಫೋಟೋ ಹುಡುಕಿದೆ. ತೆರೆಯುತ್ತಲೇ ಮೇಲೆ ಒಂದು ಸಾಲು ಬಂತು: 'ನಿಮ್ಮ ಹಳೆಯ ನೆನಪುಗಳನ್ನು ಇನ್ನಷ್ಟು ಸುಂದರಗೊಳಿಸಿದ್ದೇವೆ.' ಕೆಳಗೆ ನನ್ನ ಹೆಂಡತಿ ನಗುತ್ತಿದ್ದಳು. ಸಾಲಾಗಿ, ನೆಟ್ಟಗೆ, ಬೆಳ್ಳಗೆ ನಗುತ್ತಿದ್ದಳು. ಹಲ್ಲಿನ ಮೇಲೆ ಹಲ್ಲಿಲ್ಲ, ಹಳದಿಯಿಲ್ಲ, ಕಣ್ಣಿನ ಪಕ್ಕದ ಗೆರೆಯೂ ಇಲ್ಲ. ಏಳು ವರ್ಷ ನಾನು ತೆಗೆದ ನಾಲ್ಕು ಸಾವಿರ ಹಲ್ಲುಗಳಿಗೂ ಅದೇ ಗತಿಯಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಯಾರು ಕೇಳಿದ್ರು ನಿನ್ನ? ನನ್ನ ವಸ್ತು ಮುಟ್ಟೋಕೆ ಯಾರು ಹೇಳಿದ್ರು?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದು ಕಣ್ಣಲ್ಲಿ, ಅವಳು ಮುಚ್ಚಿಕೊಂಡದ್ದು ಬಾಯಿಯನ್ನು. ಹಾಗೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಫೋನಿನ ಅಂಗಡಿಗೆ ಓಡಿದೆ. ಬಾಗಿಲ ಪಕ್ಕ ಆಳೆತ್ತರದ ಗಾಜಿನ ಪೀಪಾಯಿ, ಮೇಲೆ ಹಸಿರು ಎಲೆಯ ಚಿತ್ರ, 'ಹಳೆಯದಕ್ಕೆ ವಿದಾಯ' ಎಂಬ ಬರಹ. ಒಳಗೆ ನೂರಾರು ಫೋನುಗಳು, ಒಂದರ ಮೇಲೊಂದು ಬಿದ್ದಿದ್ದವು. ಎದೆಯ ಮೇಲೆ 'ಅನುಭವ ಸಲಹೆಗಾರ' ಎಂದು ಬಿಲ್ಲೆ ಚುಚ್ಚಿಕೊಂಡಿದ್ದವನಿಗೆ ವಿಷಯ ಹೇಳಿದೆ.

"ಅಂಕಲ್, ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಗೋಡೌನಿಗೆ ಹೋದಮೇಲೆ ಎಲ್ಲಾ ಅಳಿಸ್ತಾರೆ. ಇಲ್ಲಿಂದ ತೆಗೆಯೋಕೆ ರೂಲ್ಸ್ ಇಲ್ಲ, ಹಾಕೋಕೆ ಮಾತ್ರ."

"ಅದು ನನ್ನ ಫೋನಪ್ಪಾ."

"ಆಗಿತ್ತು ಅಂಕಲ್. ಮತ್ತೆ ಇಷ್ಟರಲ್ಲಿ ನಿಮ್ಮದು ಯಾವುದು ಅಂತ ಹೇಗೆ ಹುಡುಕ್ತೀರಿ? ಎಲ್ಲಾ ಕಪ್ಪೇ."

ಗಂಟೆ ನೋಡಿದೆ, ಎರಡೂಕಾಲು. ಥಟ್ಟನೆ ಹೊಳೆಯಿತು. ಮಧ್ಯಾಹ್ನದ ಸರದಿಯ ಹಲ್ಲುಗಳನ್ನು ಒಲೆಯಿಂದ ತೆಗೆಯಲು ತಾತನಲ್ಲಿ ನಾನು ದಿನಾ ಎರಡೂ ನಲವತ್ತಕ್ಕೆ ಅಲಾರಾಂ ಇಟ್ಟಿದ್ದೆ, ಹೊಸ ಯಂತ್ರ ಬಂದ ಮೇಲೂ ಅದನ್ನು ತೆಗೆದಿರಲಿಲ್ಲ. ಲ್ಯಾಬಿನ ಯಂತ್ರಗಳ ಗದ್ದಲದಲ್ಲಿ ಬೇರೆ ಸದ್ದು ಕೇಳುವುದಿಲ್ಲವೆಂದು ಕಪ್ಪೆಯ ಕೂಗು ಹಾಕಿದ್ದೆ. ಹೆಂಡತಿ ಪೂರ್ತಿ ಚಾರ್ಜು ಮಾಡಿ ಕೊಟ್ಟಿದ್ದಾಳೆ. ಯಾರೂ ಆಫ್ ಮಾಡದಿದ್ದರೆ, ಬ್ಯಾಟರಿ ಮೂವತ್ತಕ್ಕೆ ಇಳಿಯದಿದ್ದರೆ, ಕೂಗಲೇಬೇಕು.

"ಇಪ್ಪತ್ತೈದು ನಿಮಿಷ ಇಲ್ಲಿ ನಿಂತಿರ್ತೀನಿ. ಆಮೇಲೆ ಹೋಗ್ತೀನಿ."

ಅವನು ಭುಜ ಕುಣಿಸಿದ. ನಾನು ಪೀಪಾಯಿಗೆ ಕಿವಿ ಹಚ್ಚಿ ನಿಂತೆ. ಬರುವವರು ಹೋಗುವವರು ನೋಡಿ ನಕ್ಕರು. ಎರಡೂ ನಲವತ್ತಾಯಿತು, ಸದ್ದಿಲ್ಲ. ಅಂಗಡಿಯ ಗಡಿಯಾರದಲ್ಲಿ ಎರಡೂ ನಲವತ್ತೊಂದಾಯಿತು. ಮುಗಿಯಿತು, ನಾಳೆ ಅರೆಯುತ್ತಾರೆ, ಹದಿನಾರು ಹಲ್ಲು ಪುಡಿಯಾಗಿ ನೀರಿನಲ್ಲಿ ಹರಿದು ಹೋಗುತ್ತವೆ ಎಂದುಕೊಂಡೆ. ಆಗ ಪೀಪಾಯಿಯ ಒಳಗಿನಿಂದ ಒಂದು ಕಪ್ಪೆ ಕೂಗಿತು. ವಟರ್, ವಟರ್, ವಟರ್! ತಾತನ ಗಡಿಯಾರ ಒಂದು ನಿಮಿಷ ಹಿಂದಿದೆ ಎನ್ನುವುದನ್ನು ಮರೆತಿದ್ದೆ.

"ಕೇಳಿದ್ಯಾ? ಕೇಳಿದ್ಯೇನಪ್ಪಾ? ತೆಗಿ!"

ಸಲಹೆಗಾರನಿಗೂ ಮನಸ್ಸು ಕರಗಿತು, ಪೀಪಾಯಿ ತೆರೆದು ಕೂಗುತ್ತಿದ್ದ ತಾತನನ್ನು ಹೊರತೆಗೆದ. ಆದರೆ ಕಂಪ್ಯೂಟರು ಕರಗಬೇಕಲ್ಲ. ಪೀಪಾಯಿಯಿಂದ ಒಂದು ಫೋನು ಕಡಿಮೆಯಾದರೆ ಲೆಕ್ಕ ತಪ್ಪುತ್ತದಂತೆ. "ಹಾಗಾದ್ರೆ ಇದನ್ನ ಹಾಕು" ಎಂದು ಹೊಸ ಫೋನನ್ನು ಅವನ ಕೈಗಿಟ್ಟೆ. ಅವನು ಗಾಬರಿಯಾದ.

"ಅಂಕಲ್, ಹೊಸದು ಕೊಟ್ಟು ಹಳೇದು ತಗೊಳ್ಳೋಕೆ ಇದರಲ್ಲಿ ಜಾಗವೇ ಇಲ್ಲ. ಯಾರೂ ಕೇಳಿಲ್ಲ ಇದುವರೆಗೆ."

ತಲೆ ಕೆರೆದುಕೊಂಡು, ಕೊನೆಗೆ 'ಹಳೆಯ ಫೋನು' ಎಂಬಲ್ಲಿ ಹೊಸದನ್ನೂ 'ಹೊಸ ಫೋನು' ಎಂಬಲ್ಲಿ ತಾತನನ್ನೂ ಬರೆದ. ಕಂಪ್ಯೂಟರು ಚಕಾರವೆತ್ತದೆ ಒಪ್ಪಿಕೊಂಡು, ಅಂಗಡಿಯ ದೊಡ್ಡ ಪರದೆಯ ಮೇಲೆ ಬಣ್ಣದ ಪಟಾಕಿ ಹಾರಿಸಿ, 'ಹೊಸ ಫೋನಿಗೆ ಅಭಿನಂದನೆಗಳು' ಎಂದಿತು. ಹಾಗೆ ಬಂದಾಗಲೆಲ್ಲ ಅಂಗಡಿಯವರು ಸುತ್ತ ನಿಂತು ಚಪ್ಪಾಳೆ ತಟ್ಟಬೇಕೆಂಬ ನಿಯಮವಿತ್ತು. ಆರು ಜನ ಬಂದು ತಟ್ಟಿದರು. ನಾನು ತಾತನನ್ನು ಎದೆಗೆ ಹಿಡಿದುಕೊಂಡು ನಡುವೆ ನಿಂತಿದ್ದೆ. ರಬ್ಬರ್ ಬ್ಯಾಂಡ್ ಮಾತ್ರ ಸಿಗಲಿಲ್ಲ.

ಲ್ಯಾಬಿಗೆ ಹೋಗಿ, ತಾತನನ್ನು ಚಾರ್ಜಿಗೆ ಸಿಕ್ಕಿಸಿ, ಆ ಫೋಟೋ ತೆರೆದು ಎದುರಿಗಿಟ್ಟುಕೊಂಡೆ. ಆಹಾ, ಅದೇ ನಗು! ಮೇಲಿನ ಕಪಾಟಿನಿಂದ ಪುಡಿ ಇಳಿಸಿದೆ. ಬುಡಕ್ಕೆ ಹಳದಿ ಇಟ್ಟೆ, ನಡುವೆ ಕೆನೆ, ತುದಿಗೆ ಬೂದು. ಬಲಗಡೆಯದನ್ನು ಎಡಗಡೆಯದರ ಮೇಲೆ ಒಂದು ಕೂದಲೆಳೆಯಷ್ಟು ಏರಿಸಿದೆ. ಎಡಗಡೆಯದರ ಮೂಲೆಯಲ್ಲಿ ಒಂದು ಸಣ್ಣ ಸವೆತ ಇತ್ತು, ಬಾ ಎಂದು ಅದನ್ನೂ ಕರೆದು ಕೂರಿಸಿದೆ. ನಾಲ್ಕು ಸಲ ಸುಟ್ಟೆ. ಏಳು ಗಂಟೆಗೆ ಕೈ ತೊಳೆದಾಗ ಬೆನ್ನು ಮುರಿದ ಹಾಗಾಗಿತ್ತು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

"ನಾನು ಕೊಟ್ಟಿದ್ದನ್ನ ಆ ಡಬ್ಬಿಗೆ ಹಾಕಿ ಬಂದ್ರಾ?"

"ಹಾಕಿದೆ. ಬೈಯಿ. ಆದರೆ ನಾಳೆ ಡಾಕ್ಟ್ರು ಮಷೀನ್ ಶುರು ಮಾಡೋಕೆ ಮುಂಚೆ ನನಗೆ ಐದು ನಿಮಿಷ ಕೊಡು."

ಅವಳು ತಟ್ಟೆ ತಂದು ನನ್ನ ಮುಂದಿಟ್ಟು ಅಡುಗೆಮನೆಗೆ ಹೋದಳು.

ಶನಿವಾರ ಅವಳನ್ನು ಕುರ್ಚಿಯ ಮೇಲೆ ಮಲಗಿಸಿ ಡಾಕ್ಟರು ಅರೆಯುವ ಯಂತ್ರವನ್ನು ಒಮ್ಮೆ ಗುಂಯ್ ಎನ್ನಿಸಿ ನೋಡುತ್ತಿದ್ದಾಗ ನಾನು ಪುಟ್ಟ ಡಬ್ಬಿ ಹಿಡಿದು ಒಳಗೆ ಹೋದೆ. ಡಾಕ್ಟರು ಡಬ್ಬಿ ತೆರೆದು ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು? ಹೊಸ ಹಲ್ಲನ್ನೇ ಹಳೇದು ಮಾಡ್ಕೊಂಡು ಬಂದಿದೀರಲ್ಲ! ಸೊಟ್ಟ ಬೇರೆ ಇದೆ!"

"ಒಂದು ಸಲ ಹಾಕಿ ನೋಡಿ ಸಾರ್. ಬೇಡ ಅಂದ್ರೆ ತೆಗೆದು ಬಿಸಾಕಿ, ನನ್ನನ್ನೂ ಬಿಸಾಕಿ."

ಗೊಣಗುತ್ತಲೇ ಬಿಳಿಯವನ್ನು ಕಿತ್ತು ನನ್ನವನ್ನು ಕೂರಿಸಿದರು. ನರ್ಸು ಕನ್ನಡಿ ಕೊಡಲು ಬಂದರೆ ಅವಳು ತೆಗೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿ, ಹಲ್ಲಿನ ಹಿಂದೆ ನಾಲಿಗೆ ಆಡಿಸಿದಳು. ಒಂದು ಹಲ್ಲು ಇನ್ನೊಂದರ ಮೇಲೆ ಏರಿದ ಆ ಸಣ್ಣ ಮೆಟ್ಟಿಲಿನ ಹತ್ತಿರ ನಾಲಿಗೆ ನಿಂತಿತು. ಅರ್ಧ ತೆರೆದ ಬಾಯಿಯೊಳಗೆ ನನಗೆ ಅದು ಕಾಣುತ್ತಿತ್ತು. ಆಮೇಲೆ ಕನ್ನಡಿ ತೆಗೆದುಕೊಂಡು ತುಂಬ ಹೊತ್ತು ನೋಡಿದಳು.

"ಡಾಕ್ಟ್ರೇ, ಆ ಮಷೀನ್ ಆಫ್ ಮಾಡಿ. ಇದು ನನ್ನದೇ" ಎಂದಳು.

ಡಾಕ್ಟರು ಮುಖ ಊದಿಸಿಕೊಂಡು ಸಿಮೆಂಟು ಹಾಕಿ ಗಟ್ಟಿ ಮಾಡಿದರು. ಹದಿನಾರು ಹಲ್ಲಿನ ಕೆಲಸ ಕೈ ತಪ್ಪಿತಲ್ಲ, ಪಾಪ. ಸೋಮವಾರದಿಂದ ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ.

ಮನೆಗೆ ಬಂದ ಮೇಲೂ ಅವಳು ಹೆಚ್ಚು ಮಾತಾಡಲಿಲ್ಲ. ಹೊಸ ಫೋನಿನ ಕೋಪ ಇನ್ನೂ ಇತ್ತು. ಸೋಫಾ ಮೇಲೆ ನೆಟ್ಟಗೆ ಕೂತಳು, ಈಚೆಗೆ ಮಲಗಿಕೊಂಡು ಫೋನು ಹಿಡಿಯುವುದಿಲ್ಲ. ತಂಗಿಗೆ ಕಳಿಸಲು ಹಲ್ಲು ಕಾಣುವಂತೆ ಒಂದು ಸೆಲ್ಫಿ ತೆಗೆದಳು. ಅದನ್ನು ನೋಡಿದಳು. ಎರಡು ತಿಂಗಳ ಹಿಂದೆ ಬಿಳಿ ಹಲ್ಲಿನಲ್ಲಿ ತೆಗೆದ ಸೆಲ್ಫಿಯನ್ನು ಹುಡುಕಿ ಪಕ್ಕದಲ್ಲಿಟ್ಟು ನೋಡಿದಳು. ನನ್ನನ್ನು ಕರೆದು ಎರಡನ್ನೂ ತೋರಿಸಿದಳು.

ಎರಡೂ ಒಂದೇ. ನನ್ನ ಹಳದಿ ಇಲ್ಲ, ಬೂದು ಇಲ್ಲ, ಕೂದಲೆಳೆಯಷ್ಟು ಏರಿಸಿದ್ದು ಇಲ್ಲ, ಮೂಲೆಯ ಸವೆತವೂ ಇಲ್ಲ. ನಾಲ್ಕು ಕಣ್ಣಿನ ಫೋನು ನನ್ನ ಕೆಲಸವನ್ನೆಲ್ಲ ಒರೆಸಿ, ಬೆಳ್ಳಗೆ, ನೆಟ್ಟಗೆ ಮಾಡಿ ಕೂರಿಸಿತ್ತು. ನನ್ನ ಮುಖ ಹೇಗಾಗಿತ್ತೋ ಏನೋ, ಅವಳು ಅದನ್ನೇ ನೋಡುತ್ತಿದ್ದಳು.

"ಇದಕ್ಕಾ?" ಎಂದಳು. "ಇದಕ್ಕೋಸ್ಕರನಾ ನೀವು ಹೊಸ ಫೋನ್ ಡಬ್ಬಿಗೆ ಹಾಕಿ, ಕಪ್ಪೆ ಯಾವಾಗ ಕೂಗುತ್ತೆ ಅಂತ ಪೀಪಾಯಿಗೆ ಕಿವಿ ಕೊಟ್ಟು ನಿಂತಿದ್ದು? ಚಪ್ಪಾಳೆ ಬೇರೆ ತಟ್ಟಿದ್ರಂತೆ! ನಿಮಗೇನು ತಲೆ ಕೆಟ್ಟಿದೆಯಾ?"

ಮೊದಲು ಭುಜ ಅಲ್ಲಾಡಿತು. ಅಂಗೈ ಅಭ್ಯಾಸಬಲದಿಂದ ಬಾಯಿಯ ಕಡೆ ಅರ್ಧ ಎದ್ದಿತು, ಅಲ್ಲೇ ನಿಂತಿತು, ಮಡಿಲಿಗೆ ಇಳಿಯಿತು. ತಲೆ ಹಿಂದಕ್ಕೆ ಹೋಯಿತು, ಬಾಯಿ ಪೂರ್ತಿ ತೆರೆಯಿತು. ನಾನು ಗಡಿಬಿಡಿಯಲ್ಲಿ ತಾತನನ್ನು ಎತ್ತಿ ಹಿಡಿದು ಒತ್ತಿದೆ. ಮೂವತ್ತು ಪರ್ಸೆಂಟು, ಕಣ್ಣು ಮುಚ್ಚಿಬಿಟ್ಟ ಮುದುಕ. ಅದನ್ನು ನೋಡಿ ಅವಳು ಸೋಫಾದ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ, ಗೋಡೆ ಅದುರುವಂತೆ ನಕ್ಕಳು.

ಎರಡು ತಿಂಗಳಲ್ಲಿ ಮೊದಲ ಸಲ, ಮೇಲಿನ ಮನೆಯವರು ಕೋಲು ತೆಗೆದುಕೊಂಡು ನೆಲ ಕುಟ್ಟಿದರು.